ಬೀಡಿ ಬಿಡಿಸುವ ಸೊಪ್ಪು: ನಾನೂರು ವರ್ಷದ ಕಥೆ

ನಮ್ಮ ತಂಡದ ಗೆಳೆಯನೊಬ್ಬನ ಅಪ್ಪ ಮೂವತ್ತು ವರ್ಷದಿಂದ ಬೀಡಿ ಸೇದುತ್ತಾರೆ. ದಿನಕ್ಕೆ ಒಂದೂವರೆ ಕಟ್ಟು. ಹೋದ ವರ್ಷ ಜಾತ್ರೆಯಲ್ಲಿ ಮೈಕ್ ಹಿಡಿದು ಕೂಗುತ್ತಿದ್ದವನಿಗೆ ಆರುನೂರು ರೂಪಾಯಿ ಕೊಟ್ಟು ಒಂದು ಡಬ್ಬಿ ಪುಡಿ ತಂದರು. ಪೂರ್ತಿ ಗಿಡಮೂಲಿಕೆ, 21 ದಿನದಲ್ಲಿ ಚಟ ಬಿಡುತ್ತೆ ಅಂತ ಡಬ್ಬಿಯ ಮೇಲೆ ಬರೆದಿತ್ತು. ಬೆಳಿಗ್ಗೆ, ಸಂಜೆ ಬಿಸಿನೀರಿಗೆ ಹಾಕಿ ಕುಡಿದರು. ಒಂಬತ್ತನೇ ದಿನ ಹಿತ್ತಲಲ್ಲಿ ನಿಂತು ಬೀಡಿ ಹಚ್ಚಿದ್ದನ್ನು ಮಗನೇ ನೋಡಿಬಿಟ್ಟ. ಅವರು ತಲೆ ತಗ್ಗಿಸಿ ಹೇಳಿದ್ದು ಇಷ್ಟೇ: "ಔಸ್ದಿ ಸರಿಯಾಗೇ ಅದೆ ಕಣಪ್ಪ. ನನ್ ಮನ್ಸೇ ಸರಿಯಿಲ್ಲ."

ಆ ಮಾತು ನಮ್ಮನ್ನು ತುಂಬ ದಿನ ಕಾಡಿತು. ಔಷಧಿ ನಿಜಕ್ಕೂ ಸರಿ ಇತ್ತೇ? ಅದನ್ನು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದರೇ? ಹೊಗೆ ಬಿಡಿಸುತ್ತದೆ ಅಂತ ಹೇಳಿ ಮಾರಿದ ಸೊಪ್ಪು, ಬೇರು, ಬೀಜಗಳಲ್ಲಿ ಯಾವುದಾದರೂ ಯಾವತ್ತಾದರೂ ಗೆದ್ದಿದೆಯೇ? ಇದನ್ನು ಹುಡುಕುತ್ತಾ ಹೋದವರು ನಾವು ಬಿಜಾಪುರದಿಂದ ಬಲ್ಗೇರಿಯಾದವರೆಗೆ ಓದಬೇಕಾಯಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಬಂದ ನಮ್ಮಲ್ಲಿ ಇಬ್ಬರ ಕಾಲೇಜು ಫೀಸು ಕಟ್ಟಿದ್ದು ಬ್ಯಾರನ್‌ನಲ್ಲಿ ಬೇಯಿಸಿದ ಹೊಗೆಸೊಪ್ಪಿನ ದುಡ್ಡಿನಿಂದಲೇ. ಹಾಗಾಗಿ ಬೀಡಿ ಸೇದುವವರಿಗೆ ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ. ಓದಿದ್ದನ್ನು ಓದಿದ ಹಾಗೆ ಮುಂದಿಡುತ್ತೇವೆ.

ಬಿಜಾಪುರದಿಂದ ಹೊರಟ ಒಂದು ಚೀಲ

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ, ಅಮೆರಿಕದ್ದು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. 1600ರ ಸುಮಾರಿಗೆ ದಖ್ಖನ್ನಿನಲ್ಲಿ ಅದು ಸಿಗುತ್ತಿತ್ತು, ಆಗ್ರಾದವರಿಗೆ ಮಾತ್ರ ಗೊತ್ತಿರಲಿಲ್ಲ. ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಮಗಳಿಗೂ ಅಕ್ಬರನ ಮಗ ದಾನಿಯಾಲನಿಗೂ ಮದುವೆ ಗೊತ್ತಾಗಿತ್ತು, ಆ ಕೆಲಸಕ್ಕೆ. ವಾಪಸ್ ಹೋಗುವಾಗ ಬಿಜಾಪುರದಲ್ಲಿ ಕಂಡ ಈ ಹೊಸ ಪದಾರ್ಥವನ್ನೂ ಕಟ್ಟಿಕೊಂಡು ಹೋದ. ಹರಳು ಕೂರಿಸಿದ ಉದ್ದನೆಯ ಕೊಳವೆ, ಕೆಂಡ ಇಡಲು ಚಿನ್ನದ ಬಟ್ಟಲು, ಎಲೆಅಡಿಕೆ ಚೀಲದಲ್ಲಿ ತುಂಬಿದ ಒಳ್ಳೇ ಹೊಗೆಸೊಪ್ಪು. ಎಲ್ಲವನ್ನೂ ತಟ್ಟೆಯಲ್ಲಿಟ್ಟು ಬಾದಶಹನ ಮುಂದೆ ಹಿಡಿದ.

ಆಮೇಲೆ ದರ್ಬಾರಿನಲ್ಲಿ ಏನಾಯಿತು ಅಂತ ಅಸದ್ ಬೇಗ್ ತಾನೇ ಬರೆದಿಟ್ಟಿದ್ದಾನೆ. ಇದೇನು ಅಂತ ಅಕ್ಬರ್ ಕೇಳಿದ. ಪಕ್ಕದಲ್ಲಿದ್ದ ದೊಡ್ಡ ಸರದಾರ, ಇದು ಮೆಕ್ಕಾ ಮದೀನಾದಲ್ಲೂ ಗೊತ್ತಿರುವ ತಂಬಾಕು, ನಿಮಗೆ ಔಷಧಿಯೆಂದು ತಂದಿದ್ದಾರೆ ಅಂದ. ಗಮನಿಸಿ, ಔಷಧಿಯೆಂದು. ಅಕ್ಬರ್ ಎರಡು ಮೂರು ಸಲ ಎಳೆದ. ಹಕೀಮನಿಗೆ ಗಾಬರಿಯಾಯಿತು. ಇದರ ಬಗ್ಗೆ ನಮ್ಮ ಗ್ರಂಥಗಳಲ್ಲಿ ಒಂದಕ್ಷರವಿಲ್ಲ, ಪರೀಕ್ಷೆ ಮಾಡದ ಪದಾರ್ಥ, ನೀವು ಸೇದುವುದು ಸರಿಯಲ್ಲ ಅಂತ ತಡೆದ. ಯುರೋಪಿನವರು ದಡ್ಡರಲ್ಲ, ಅವರಲ್ಲೂ ವಿದ್ವಾಂಸರಿದ್ದಾರೆ, ಯಾವ ಪದ್ಧತಿಯಾದರೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಅಂತ ಅಸದ್ ಬೇಗ್ ವಾದ ಹೂಡಿದ. ವಾದದಲ್ಲಿ ಅಸದ್ ಬೇಗ್‌ದೇ ಮೇಲುಗೈ. ಬಾದಶಹನಿಗೆ ಅವನ ಮಾತು ಹಿಡಿಸಿತು, ಆದರೆ ಆತ ಹೊಗೆ ಅಭ್ಯಾಸ ಮಾಡಿಕೊಳ್ಳಲಿಲ್ಲ. ಸರದಾರರು ಮಾಡಿಕೊಂಡರು. ಉಳಿದ ಸೊಪ್ಪನ್ನು ಕೇಳಿ ಕೇಳಿ ಇಸಿದುಕೊಂಡರು. ವ್ಯಾಪಾರಿಗಳು ತರಿಸಿ ಮಾರತೊಡಗಿದರು.

ನಾನೂರು ವರ್ಷ ಕಳೆದರೂ ನಮಗೆ ಆ ಹಕೀಮನ ಮೇಲೆ ಒಂದು ಥರ ಮಮತೆ. ಅವನು ಕೇಳಿದ್ದು ಒಂದೇ ಪ್ರಶ್ನೆ: ಪರೀಕ್ಷೆ ಮಾಡಿದ್ದೀರಾ? ನಮ್ಮ ಜಾತ್ರೆಯಲ್ಲಿ ಆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ.

ಅಸದ್ ಬೇಗ್ ಸುಳ್ಳು ಹೇಳಿರಲಿಲ್ಲ. ಯುರೋಪಿನಲ್ಲಿ ಆಗ ಹೊಗೆಸೊಪ್ಪು ಮೂಲಿಕೆಯೇ. ಪೋರ್ಚುಗಲ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜೀನ್ ನಿಕೋ 1560ರ ಹೊತ್ತಿಗೆ ಇದನ್ನು ಔಷಧಿ ಗಿಡವೆಂದು ತನ್ನ ಅರಮನೆಗೆ ಕಳಿಸಿದ್ದ. ನಿಕೋಟಿನ್ ಅನ್ನುವ ಹೆಸರು ಬಂದದ್ದು ಅವನಿಂದಲೇ. ಸ್ಪೇನಿನ ಸೆವಿಲ್ ಊರಿನ ವೈದ್ಯ ನಿಕೋಲಾಸ್ ಮೊನಾರ್ಡೆಸ್ 1571ರಲ್ಲಿ ಇದರ ಗುಣಗಾನ ಮಾಡಿ ಬರೆದ. ತಲೆನೋವು, ಹಲ್ಲುನೋವು, ಗಾಯ, ಕೆಮ್ಮು, ಎಲ್ಲಕ್ಕೂ ಇದೇ ಮದ್ದು. ಜಗತ್ತಿಗೆ ಈ ಚಟ ಅಂಟಿದ್ದು ಗಿಡಮೂಲಿಕೆಯ ಹೆಸರಿನಲ್ಲೇ ಅನ್ನುವುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1617ರಲ್ಲಿ ಅಕ್ಬರನ ಮಗ ಜಹಾಂಗೀರ್ ಹೊಗೆ ಸೇದುವುದನ್ನೇ ನಿಷೇಧಿಸಿದ. ಇರಾನಿನ ಷಾ ಅಬ್ಬಾಸ್ ಕೂಡ ನಿಷೇಧ ಹಾಕಿದ್ದ. ತಮಾಷೆಯೆಂದರೆ ಜಹಾಂಗೀರ್ ಇರಾನಿಗೆ ಕಳಿಸಿದ ದೂತ ಖಾನ್ ಆಲಂ ಹೊಗೆ ಬಿಟ್ಟು ಒಂದು ಗಳಿಗೆ ಇರಲಾರದವನು. ಕೊನೆಗೆ ಷಾ ಅಬ್ಬಾಸ್ ಅವನೊಬ್ಬನಿಗೆ ವಿನಾಯಿತಿ ಕೊಟ್ಟ. ಇದನ್ನು ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇಬ್ಬರು ದೊರೆಗಳ ಆಜ್ಞೆಯಿಂದ ಒಬ್ಬ ಖಾನ್ ಆಲಂನಿಗೆ ಬಿಡಿಸಲಾಗಲಿಲ್ಲ.

ಚರಕನ ಧೂಮಪಾನ ಬೇರೆ

'ಹರ್ಬಲ್ ಸಿಗರೇಟ್' ಮಾರುವವರು ಒಂದು ಮಾತು ಹೇಳುತ್ತಾರೆ: ಧೂಮಪಾನ ಆಯುರ್ವೇದದಲ್ಲೇ ಇದೆ. ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ. ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ನಾವು ಓದುವ 'ಧೂಮಪಾನ' ಅನ್ನುವ ಪದ ಚರಕ ಸಂಹಿತೆಯ ಸೂತ್ರಸ್ಥಾನದ ಐದನೇ ಅಧ್ಯಾಯದಲ್ಲಿದೆ. ಶ್ರೀಗಂಧ, ಏಲಕ್ಕಿ, ಲಾವಂಚ, ಅತಿಮಧುರ, ಗುಗ್ಗುಳದಂಥ ವಸ್ತುಗಳನ್ನು ಅರೆದು, ಜೊಂಡಿನ ಕಡ್ಡಿಗೆ ಬಳಿದು, ಎಂಟು ಅಂಗುಲದ ಬತ್ತಿ ಮಾಡಿ ಒಣಗಿಸಿ, ಕಡ್ಡಿ ತೆಗೆದು, ತುಪ್ಪ ಸವರಿ ಹಚ್ಚಬೇಕು. ಅದು ಚಿಕಿತ್ಸೆ. ಯಾವ ಹೊತ್ತಿನಲ್ಲಿ, ಎಷ್ಟು ಸಲ, ಯಾರು ಸೇದಲೇಬಾರದು ಅಂತ ಲೆಕ್ಕವಿದೆ. ಮಿತಿ ಮೀರಿದರೆ ಕಿವುಡು, ಕುರುಡು, ತಲೆಸುತ್ತು, ರಕ್ತಸ್ರಾವ ಬರುತ್ತದೆ ಅನ್ನುವ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಮಾರುವವರು ಆ ಸಾಲುಗಳನ್ನು ಓದಿ ಹೇಳುವುದಿಲ್ಲ.

ಆ ಬತ್ತಿಯಲ್ಲಿ ಹೊಗೆಸೊಪ್ಪು ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಗಿಡ ಇನ್ನೂ ಅಮೆರಿಕದಲ್ಲೇ ಇತ್ತಲ್ಲ. ಹಾಗಾಗಿ ಬೀಡಿ ಬಿಡಿಸಲು ಚರಕ ಹೇಳಿದ ಬತ್ತಿ ಅಂತ ಯಾರಾದರೂ ಮಾರಿದರೆ ಅದು ಮಾರುವವನ ಸ್ವಂತ ಕಥೆ. ತುಳಸಿಯಾಗಲಿ, ಪುದೀನವಾಗಲಿ, ಗುಲಾಬಿ ಪಕಳೆಯಾಗಲಿ, ಯಾವ ಎಲೆ ಸುಟ್ಟು ಎಳೆದರೂ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಎದೆಗೆ ಹೋಗುತ್ತವೆ. ನಿಕೋಟಿನ್ ಇಲ್ಲದಿರಬಹುದು, ಹೊಗೆ ಹೊಗೆಯೇ.

ಚರಕದಲ್ಲಿ ಚಟಕ್ಕೆ ಹತ್ತಿರವಾದ ಮಾತು ಇರುವುದು ಏಳನೇ ಅಧ್ಯಾಯದಲ್ಲಿ. ರೂಢಿಯಾದ ಕೆಟ್ಟ ಅಭ್ಯಾಸವನ್ನು ಕಾಲು ಕಾಲು ಭಾಗ ಇಳಿಸುತ್ತಾ ಬಿಡಬೇಕು ಅನ್ನುವ ಕ್ರಮ ಅಲ್ಲಿದೆ. ಓದಿದಾಗ ನಮಗೆ ಖುಷಿಯಾಯಿತು. ಆದರೆ ಸಿಗರೇಟಿನ ವಿಷಯದಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನಲ್ಲಿ 697 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕು ವಾರದ ಹೊತ್ತಿಗೆ ಒಂದೇ ದಿನ ನಿಲ್ಲಿಸಿದವರಲ್ಲಿ 100ಕ್ಕೆ 49 ಜನ ಹೊಗೆಯಿಂದ ದೂರವಿದ್ದರು, ಎರಡು ವಾರ ಇಳಿಸುತ್ತಾ ಬಂದು ನಿಲ್ಲಿಸಿದವರಲ್ಲಿ 39. ನಮ್ಮ ಗ್ರಂಥದಲ್ಲಿದೆ ಅನ್ನುವ ಕಾರಣಕ್ಕೆ ಈ ಲೆಕ್ಕ ಮುಚ್ಚಿಡುವ ಹಾಗಿಲ್ಲ. ಹಾಗಂತ ಇಳಿಸಿ ಬಿಟ್ಟವರೇ ಇಲ್ಲ ಅಂತಲೂ ಅಲ್ಲ, 39 ಸಣ್ಣ ಸಂಖ್ಯೆಯಲ್ಲ.

ಕಾಡು ಹೊಗೆಸೊಪ್ಪು ಸೋತ ಕಥೆ

ಅಮೆರಿಕದಲ್ಲಿ ಲೊಬೀಲಿಯಾ ಅನ್ನುವ ಗಿಡವಿದೆ. ಅಲ್ಲಿನ ಮೂಲನಿವಾಸಿಗಳ ಹೆಸರಿನಲ್ಲಿ 'ಇಂಡಿಯನ್ ಟೊಬ್ಯಾಕೊ' ಅಂತ ಕರೆಯುತ್ತಾರೆ. ಇದರ ತಂಗಿ ಗಿಡವೊಂದು ನಮ್ಮ ಪಶ್ಚಿಮಘಟ್ಟದಲ್ಲೇ ಬೆಳೆಯುತ್ತದೆ. ಆಳೆತ್ತರ, ಹೊಗೆಸೊಪ್ಪಿನಂಥ ಎಲೆ, ಬಿಳಿ ಹೂವಿನ ಗೊನೆ. ಚಿಕ್ಕಮಗಳೂರು, ಕೊಡಗಿನ ಕಡೆಯವರು ನೋಡಿರುತ್ತೀರಿ. ಕಾಡು ಹೊಗೆಸೊಪ್ಪು ಅಂತಲೇ ಹೆಸರು. ವಿಷದ ಗಿಡ.

ಲೊಬೀಲಿಯಾದಲ್ಲಿರುವ ಲೊಬೆಲಿನ್ ಅನ್ನುವ ಸತ್ವ ನಿಕೋಟಿನ್‌ನ ಹಾಗೆ ಸ್ವಲ್ಪ ಕೆಲಸ ಮಾಡುತ್ತದೆ ಅಂತ ಕಂಡುಬಂತು. 1930ರ ದಶಕದಿಂದ ಅಮೆರಿಕದಲ್ಲಿ ಸಿಗರೇಟು ಬಿಡಿಸುವ ಮಾತ್ರೆಗಳಿಗೆ ಅದನ್ನು ಬಳಸಿದರು. ದಶಕಗಟ್ಟಲೆ ಮಾರಿದರು, ಜನ ಕೊಂಡರು. ಕೊನೆಗೆ ಲೆಕ್ಕ ಕೇಳಿದ್ದು ಅಲ್ಲಿನ ಔಷಧಿ ನಿಯಂತ್ರಣ ಇಲಾಖೆ ಎಫ್‌ಡಿಎ. ಪರೀಕ್ಷೆಯಲ್ಲಿ ಕೆಲಸ ಮಾಡಿದ್ದಕ್ಕೆ ಪುರಾವೆ ತೋರಿಸಿ ಅಂದರು. ತೃಪ್ತಿಕರ ಪುರಾವೆ ಬರಲಿಲ್ಲ. 1993ರಲ್ಲಿ, ಸಿಗರೇಟು ಬಿಡಿಸುತ್ತದೆ ಅಂತ ಹೇಳಿ ಅಂಗಡಿಯಲ್ಲಿ ನೇರವಾಗಿ ಮಾರುತ್ತಿದ್ದ ಹಲವು ವಸ್ತುಗಳನ್ನು ಒಟ್ಟಿಗೆ ನಿಲ್ಲಿಸಿದರು.

ಆ ಪಟ್ಟಿ ಓದುವಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲೊಬೆಲಿನ್ ಜೊತೆಗೆ ಲವಂಗ, ಕೊತ್ತಂಬರಿ, ಶುಂಠಿ, ಅತಿಮಧುರ, ನಿಂಬೆ ಎಣ್ಣೆ, ನೀಲಗಿರಿ ಎಣ್ಣೆ, ಮೆಂಥಾಲ್. ನಮ್ಮ ಅಡುಗೆಮನೆ ಡಬ್ಬಿಗಳ ಸಾಲೇ ಅಲ್ಲಿತ್ತು. ಇವೆಲ್ಲ ಕೆಟ್ಟವು ಅಂತ ಆ ಇಲಾಖೆ ಹೇಳಿಲ್ಲ. ಚಟ ಬಿಡಿಸುವ ಔಷಧಿ ಅಂತ ಹಣೆಪಟ್ಟಿ ಹಚ್ಚಿ ಮಾರಬೇಡಿ, ಅದಕ್ಕೆ ಆಧಾರವಿಲ್ಲ ಅಂದಿತು ಅಷ್ಟೇ. ನೆಲ್ಲಿಚಟ್ಟು, ಓಮ, ಲವಂಗ ಬಾಯಿಗೆ ಹಾಕಿಕೊಂಡರೆ ಬಾಯಿಗೆ ಒಂದು ಕೆಲಸ ಸಿಗುತ್ತದೆ, ಆ ಐದು ನಿಮಿಷ ಕಳೆಯುತ್ತದೆ. ಅದು ಸಣ್ಣ ಸಹಾಯವೇನಲ್ಲ. ಆದರೆ ಅದಕ್ಕೆ ಆರುನೂರು ರೂಪಾಯಿ ಕೊಡಬೇಕಾಗಿಲ್ಲ.

ಬಲ್ಗೇರಿಯಾದ ಹಳದಿ ಹೂವಿನ ಮರ

ಹಾಗಾದರೆ ಗೆದ್ದ ಸೊಪ್ಪು ಒಂದೂ ಇಲ್ಲವೇ? ಒಂದಿದೆ. ನಮ್ಮ ಇಡೀ ಹುಡುಕಾಟದಲ್ಲಿ ಸಿಕ್ಕಿದ್ದು ಅದೊಂದೇ.

ಯುರೋಪಿನ ಗುಡ್ಡಗಾಡಿನಲ್ಲಿ ಲ್ಯಾಬರ್ನಮ್ ಅನ್ನುವ ಚಿಕ್ಕ ಮರ ಬೆಳೆಯುತ್ತದೆ. ಹಳದಿ ಹೂವು ಗೊಂಚಲು ಗೊಂಚಲಾಗಿ ಜೋತಾಡುತ್ತದೆ. ಇದರ ಬೀಜದಲ್ಲಿ ಸೈಟಿಸಿನ್ ಅನ್ನುವ ಸತ್ವವಿದೆ ಅಂತ 1860ರ ದಶಕದಲ್ಲೇ ರಸಾಯನಶಾಸ್ತ್ರದವರು ಕಂಡುಹಿಡಿದಿದ್ದರು. ಎರಡನೇ ಮಹಾಯುದ್ಧದಲ್ಲಿ ಹೊಗೆಸೊಪ್ಪು ಸಿಗದೆ ಹೋದಾಗ ಸೈನಿಕರು ಇದರ ಎಲೆಯನ್ನು ಒಣಗಿಸಿ ಸೇದಿದರು. ನಕಲಿ ಹೊಗೆಸೊಪ್ಪು ಅಂತ ಅದಕ್ಕೆ ಹೆಸರು ಬಿತ್ತು. ಬಾಯಿ ಚಪಲಕ್ಕೆ ಸೇದಿದ್ದರೂ ಚಟ ಸ್ವಲ್ಪ ತಣಿಯುತ್ತಿತ್ತು.

ಅದರ ಗುಟ್ಟು ಹೀಗೆ. ಬೀಡಿ ಎಳೆದಾಗ ನಿಕೋಟಿನ್ ಮೆದುಳಿಗೆ ಹೋಗಿ ಅಲ್ಲಿರುವ ಕೆಲವು ಜಾಗಗಳಲ್ಲಿ ಕೂರುತ್ತದೆ. ಕೂತಾಗ ಹಿತ, ಎದ್ದಾಗ ತಳಮಳ. ಸೈಟಿಸಿನ್ ಅದೇ ಜಾಗಗಳಲ್ಲಿ ಹೋಗಿ ಕೂರುತ್ತದೆ, ಆದರೆ ಹಿತ ಕೊಡುವುದು ಅರೆಬರೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಆಮೇಲೆ ನಿಕೋಟಿನ್ ಹತ್ತಿದರೆ ಅದಕ್ಕೆ ಜಾಗವಿಲ್ಲ. ತಳಮಳವೂ ಅಷ್ಟಿಲ್ಲ, ಸೇದಿದರೂ ಮೊದಲಿನ ಮಜವಿಲ್ಲ.

1964ರಲ್ಲಿ ಬಲ್ಗೇರಿಯಾದಲ್ಲಿ ಇದರ ಮಾತ್ರೆ ಬಂತು, ಹೆಸರು ಟ್ಯಾಬೆಕ್ಸ್. ಒಂದೂವರೆ ಮಿಲಿಗ್ರಾಂ. ಮೊದಲು ದಿನಕ್ಕೆ ಆರು, ಆಮೇಲೆ ಇಳಿಸುತ್ತಾ 25 ದಿನ. ಐದನೇ ದಿನದೊಳಗೆ ಸಿಗರೇಟು ಪೂರ್ತಿ ನಿಲ್ಲಿಸಬೇಕು. ಅಗ್ಗದ ಮಾತ್ರೆ. ಪೂರ್ವ ಯುರೋಪಿನ ದೇಶಗಳಲ್ಲಿ ಜನ ಬಳಸಿದರು, ಪಶ್ಚಿಮದ ದೇಶಗಳು ದಶಕಗಳ ಕಾಲ ಅದರ ಕಡೆ ನೋಡಲಿಲ್ಲ. ಹಳೆಯ ಪ್ರಯೋಗಗಳು ಇದ್ದವು, ಆದರೆ ಇವತ್ತಿನ ಕಟ್ಟುನಿಟ್ಟಿನ ಲೆಕ್ಕಕ್ಕೆ ಸಾಲುತ್ತಿರಲಿಲ್ಲ. ಈ ನಡುವೆ ಅಮೆರಿಕದ ಕಂಪನಿಯೊಂದು ಸೈಟಿಸಿನ್‌ನ ರಚನೆಯಿಂದಲೇ ಎಳೆ ಹಿಡಿದು ವರೆನಿಕ್ಲಿನ್ ಅನ್ನುವ ಹೊಸ ಮಾತ್ರೆ ಮಾಡಿತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ಮರಿಗೆ ಪೇಟೆ ಸಿಕ್ಕಿತು, ತಾಯಿ ಮೂಲೆಯಲ್ಲೇ ಇತ್ತು.

ಮೂಲದ ಮಾತ್ರೆಗೆ ಸರಿಯಾದ ಪರೀಕ್ಷೆ ನಡೆದದ್ದು ಪೋಲೆಂಡಿನಲ್ಲಿ, ಫಲಿತಾಂಶ ಬಂದದ್ದು 2011ರಲ್ಲಿ. 740 ಜನ. ಅರ್ಧ ಜನಕ್ಕೆ ಸೈಟಿಸಿನ್, ಇನ್ನರ್ಧಕ್ಕೆ ನೋಡಲು ಅದೇ ಥರದ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ತಗೊಂಡವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಬಿಟ್ಟೆ ಅಂದವರ ಬಾಯಿಮಾತು ನಂಬದೆ ಉಸಿರನ್ನೂ ಪರೀಕ್ಷೆ ಮಾಡಿದರು. ಒಂದು ವರ್ಷದ ನಂತರ ಸೈಟಿಸಿನ್ ತಗೊಂಡವರಲ್ಲಿ 8.4 ಶೇಕಡಾ ಜನ ಬಿಟ್ಟಿದ್ದರು, ಖಾಲಿ ಮಾತ್ರೆಯವರಲ್ಲಿ 2.4 ಶೇಕಡಾ.

ಇದನ್ನು ಮೊದಲು ಓದಿದಾಗ ನಮಗೂ ನಿರಾಸೆಯಾಯಿತು. ನೂರಕ್ಕೆ ಎಂಟೇ? ಆಮೇಲೆ ನಿಧಾನವಾಗಿ ಹೊಳೆಯಿತು. ಗೆದ್ದಿದೆ ಅಂತ ಜಗತ್ತು ಒಪ್ಪಿದ ಮದ್ದು ತಗೊಂಡು, ಒಂದು ವರ್ಷ ಕಟ್ಟುನಿಟ್ಟಾಗಿ ಲೆಕ್ಕ ಇಟ್ಟರೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನ ಆ ಸಲ ಸೋತರು. ಅವರೆಲ್ಲರ ಮನಸ್ಸೂ ಸರಿಯಿರಲಿಲ್ಲವೇ? ನಮ್ಮ ಗೆಳೆಯನ ಅಪ್ಪ ಒಂಬತ್ತು ದಿನ ಬರೀ ಪುಡಿನೀರು ಕುಡಿದು ತಡೆದುಕೊಂಡಿದ್ದರು.

2014ರಲ್ಲಿ ನ್ಯೂಜಿಲೆಂಡಿನ 1,310 ಜನರ ಅಧ್ಯಯನ ಪ್ರಕಟವಾಯಿತು. ಸೈಟಿಸಿನ್ ತಗೊಂಡವರಲ್ಲಿ ಒಂದು ತಿಂಗಳ ಹೊತ್ತಿಗೆ 40 ಶೇಕಡಾ, ನಿಕೋಟಿನ್ ಪಟ್ಟಿ ಅಥವಾ ಗಮ್ ಬಳಸಿದವರಲ್ಲಿ 31 ಶೇಕಡಾ ಜನ ಸಿಗರೇಟಿಲ್ಲದೆ ಇದ್ದರು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂಬಾಕು ಬಿಡಿಸುವ ಔಷಧಿಗಳ ಮಾರ್ಗಸೂಚಿಯಲ್ಲಿ ಸೈಟಿಸಿನ್ ಹೆಸರನ್ನೂ ಸೇರಿಸಿತು. ಮಾತ್ರೆ ಬಂದು ಅಷ್ಟೊತ್ತಿಗೆ ಅರವತ್ತು ವರ್ಷ.

ಅಂಗಳದ ಕಕ್ಕೆ ಮರಕ್ಕೆ ಕೈ ಹಾಕಬೇಡಿ

ಇಲ್ಲಿ ಸ್ವಲ್ಪ ನಿಂತು ಓದಿ. ಈ ಕಥೆ ಓದಿದವರು ಲ್ಯಾಬರ್ನಮ್ ಅಂತ ಫೋನಿನಲ್ಲಿ ಹುಡುಕುತ್ತೀರಿ. 'ಇಂಡಿಯನ್ ಲ್ಯಾಬರ್ನಮ್' ಅಂತ ಒಂದು ಮರ ಬರುತ್ತದೆ, ಫೋಟೋದಲ್ಲಿ ಹಳದಿ ಹೂವಿನ ಗೊಂಚಲು. ನೋಡಿದರೆ ನಮ್ಮ ಕಕ್ಕೆ ಮರ! ಗೆಳೆಯನ ಅಪ್ಪ ಕೇಳಿದ್ದೂ ಅದನ್ನೇ: "ನಮ್ ಹೊಲದ್ ಬದೀಲೇ ಅದಲ್ಲಾ, ಅದರ ಕಾಯಿ ಕುಟ್ಟಿ ಕುಡುದ್ರೆ ಆಗಲ್ವಾ?"

ಆಗಲ್ಲ. ಹೂವು ಒಂದೇ ಥರ ಕಾಣುವುದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಅದು, ಮರ ಬೇರೆಯೇ. ಕಕ್ಕೆಕಾಯಿಯ ತಿರುಳು ಭೇದಿಗೆ ಕೊಡುವ ಮದ್ದು. ಅದರಿಂದ ಬೀಡಿ ಬಿಡುವುದಿಲ್ಲ, ಹೊಟ್ಟೆ ಬಿಡುತ್ತದೆ. ಯುರೋಪಿನ ಅಸಲಿ ಲ್ಯಾಬರ್ನಮ್ ಅಂತೂ ಬೀಜ ಮಾತ್ರವಲ್ಲ, ಪೂರ್ತಿ ಮರವೇ ವಿಷ. ಮದ್ದಾದದ್ದು ಅದರಿಂದ ಸತ್ವ ತೆಗೆದು, ಒಂದೂವರೆ ಮಿಲಿಗ್ರಾಂ ಅಂತ ಅಳೆದ ಮೇಲೆ. ಕಾಡು ಹೊಗೆಸೊಪ್ಪಿಗೂ ಇದೇ ಮಾತು. ಡಾಕ್ಟರನ್ನು ಕೇಳದೆ ಆನ್‌ಲೈನ್‌ನಲ್ಲಿ ಮಾತ್ರೆ ತರಿಸುವುದೂ ಬೇಡ.

ಮಾಲೆ ಹಾಕಿದಾಗ ಬಿಡುವವರು

ನಮ್ಮ ನೆಲಕ್ಕೆ ಹತ್ತಿರವಾದ ಇನ್ನೊಂದು ಪರೀಕ್ಷೆಯ ಕಥೆ ಹೇಳದಿದ್ದರೆ ಅನ್ಯಾಯ. ಬಾಂಗ್ಲಾದೇಶ ಮತ್ತು ಪಾಕಿಸ್ತಾನದಲ್ಲಿ, ಹೊಗೆ ಸೇದುವ 2,472 ಟಿಬಿ ರೋಗಿಗಳಿಗೆ ಅರ್ಧ ಜನಕ್ಕೆ ಸೈಟಿಸಿನ್, ಅರ್ಧ ಜನಕ್ಕೆ ಖಾಲಿ ಮಾತ್ರೆ ಕೊಟ್ಟರು. ಎರಡೂ ಗುಂಪಿನವರ ಜೊತೆ ಆರೋಗ್ಯ ಸಿಬ್ಬಂದಿ ಕೂತು ಬಿಡುವುದು ಹೇಗೆ ಅಂತ ಮಾತಾಡಿದರು. 2020ರಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ಸೈಟಿಸಿನ್‌ನವರಲ್ಲಿ 32.4 ಶೇಕಡಾ ಬಿಟ್ಟಿದ್ದರು, ಖಾಲಿ ಮಾತ್ರೆಯವರಲ್ಲಿ 29.7 ಶೇಕಡಾ. ಹೆಚ್ಚುಕಮ್ಮಿ ಒಂದೇ. ಪೋಲೆಂಡಿನಲ್ಲಿ ಗೆದ್ದ ಮದ್ದು ಇಲ್ಲಿ ಖಾಲಿ ಮಾತ್ರೆಯನ್ನು ಮೀರಿಸಲಿಲ್ಲ.

ಆದರೆ ಖಾಲಿ ಮಾತ್ರೆಯವರ ಸಂಖ್ಯೆ ಇನ್ನೊಮ್ಮೆ ನೋಡಿ. ಹತ್ತರಲ್ಲಿ ಮೂರು ಜನ! ಟಿಬಿಯ ಭಯ ಇತ್ತು, ನಿಜ. ಜೊತೆಗೆ ಒಬ್ಬರು ಎದುರು ಕೂತು ಮಾತಾಡಿದ್ದರು, ಮತ್ತೆ ಬಂದು ಕೇಳುವವರಿದ್ದರು.

ಇದನ್ನು ಓದಿದಾಗ ನಮಗೆ ನಮ್ಮೂರ ಅಯ್ಯಪ್ಪನ ಮಾಲೆ ನೆನಪಾಯಿತು. ದಿನಕ್ಕೆ ಎರಡು ಕಟ್ಟು ಸೇದುವವರು ಮಾಲೆ ಹಾಕಿದ ದಿನದಿಂದ 48 ದಿನ ಬೀಡಿ ಮುಟ್ಟುವುದಿಲ್ಲ. ಯಾವ ಪುಡಿಯೂ ಇಲ್ಲ, ಮಾತ್ರೆಯೂ ಇಲ್ಲ. ಕರಿಬಟ್ಟೆ ನೋಡಿ ಊರೆಲ್ಲ 'ಸ್ವಾಮಿ' ಅನ್ನುತ್ತದೆ, ಬೀಡಿ ಕೊಡುವ ಕೈ ಹಿಂದೆ ಹೋಗುತ್ತದೆ, ಬೆಳಿಗ್ಗೆ ಸಂಜೆ ಜೊತೆಗೆ ಗುಂಪು ಇರುತ್ತದೆ. ಬೆಟ್ಟದಿಂದ ಇಳಿದು ಮಾಲೆ ತೆಗೆದ ವಾರದಲ್ಲಿ ಬಹಳ ಜನ ಮತ್ತೆ ಹಚ್ಚುತ್ತಾರೆ. ಅವರನ್ನು ನೋಡಿ ನಗುವುದುಂಟು, ನಾವೂ ನಕ್ಕಿದ್ದೇವೆ. ಈಗ ಅನ್ನಿಸುವುದು: 48 ದಿನ ಬಿಟ್ಟವರ ಮೈಯಿಂದ ನಿಕೋಟಿನ್ ಯಾವತ್ತೋ ಹೋಗಿರುತ್ತದೆ. ನಲವತ್ತೊಂಬತ್ತನೇ ದಿನ ಅವರ ಸುತ್ತ ಇದ್ದವರೆಲ್ಲ ಎಲ್ಲಿ ಹೋದರು?

ಫೋನಿನಲ್ಲಿ ಹೀಗೆ ಮಾತಾಡುವವರು ಸರ್ಕಾರದ ಕಡೆಯಿಂದ ಇದ್ದಾರೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ನಂಬರ್ 1800-112-356, ದುಡ್ಡಿಲ್ಲ. ದಕ್ಷಿಣದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಗೆಳೆಯ ಅಪ್ಪನಿಗೆ ಈ ಬರಹ ಹಾಕುವ ಮೊದಲೇ ಪೂರ್ತಿ ಓದಿ ಹೇಳಿದ. ಖಾನ್ ಆಲಂನ ಕಥೆಗೆ ಅವರು ಜೋರಾಗಿ ನಕ್ಕರಂತೆ. ಪೋಲೆಂಡಿನ ಲೆಕ್ಕ ಬಂದಾಗ ಮಾತ್ರ ಇನ್ನೊಂದು ಸಲ ಓದು ಅಂದರು. ಸುಮ್ಮನೆ ಕೇಳಿ, "ಅಂಗಾರೆ ನಾ ಒಬ್ನೇ ಅಲ್ಲ" ಅಂದರು.

ಮಾರನೇ ದಿನ ಮಗನ ಫೋನಿಂದಲೇ ಆ ನಂಬರಿಗೆ ಕರೆ ಮಾಡಿದರು. ಇವತ್ತಿಗೆ ಹದಿಮೂರು ದಿನ. ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನು ತಿಪ್ಪೆಗೆ ಸುರಿದಿದ್ದಾರೆ. ಖಾಲಿ ಡಬ್ಬಿಗೆ ಲವಂಗ ತುಂಬಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಅದು ಬೀಡಿ ಬಿಡಿಸುವ ಮದ್ದಲ್ಲ ಅಂತ ನಾವೇ ಹೇಳಿದ್ದೆವಲ್ಲ ಅಂದರೆ, "ಗೊತ್ತು ಕಣ್ರಪ್ಪ, ಬಾಯಿಗೇನಾದ್ರೂ ಬೇಕಲ್ಲ" ಅನ್ನುತ್ತಾರೆ.